ನಲವತ್ತು ದೀಪಗಳ ಸೀಲು

"ಮಾಡದ ತಪ್ಪಿಗೆ ಕೆಲಸದಿಂದ ತೆಗೆದಿದ್ದಾರೆ, ಮೇಷ್ಟ್ರೇ! ಓದಿ, ನೀವೇ ಓದಿ!"

ಎದುರು ಮನೆಯ ಎಂಜಿನಿಯರ್ ಹುಡುಗಿ ಕತ್ತರಿಸಲು ಹರಡಿದ್ದ ಬಟ್ಟೆಯ ಮೇಲೆಯೇ ಕಾಗದ ಎಸೆದಳು. ಟೈಲರ್ ಕತ್ತರಿ ಕೆಳಗಿಟ್ಟ. ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ಮೇಷ್ಟ್ರು ಅವನ ಅಕ್ಕನ ಗಂಡ, ವಿದ್ಯುತ್ ತರಬೇತಿ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲೇ ಅವರ ವಾಸ. ಕಳವೋ ಮೋಸವೋ ನಡೆದರೆ ಬೀದಿಯವರು ಪೊಲೀಸ್ ಠಾಣೆಗಿಂತ ಮೊದಲು ಹತ್ತುತ್ತಿದ್ದದ್ದು ಆ ಕೋಣೆಯ ಮೆಟ್ಟಿಲನ್ನೇ.

ಮೇಷ್ಟ್ರು ಓದಿದರು. ಗ್ರಂಥಾಲಯದ ಎಲ್‌ಇಡಿ ದೀಪಗಳಿಗೆ ಕರೆಂಟನ್ನು ಹದವಾಗಿ ಇಳಿಸಿಕೊಡುವ ಸರ್ಕ್ಯೂಟನ್ನು ಹುಡುಗಿ ವಿನ್ಯಾಸ ಮಾಡಿದ್ದಳು. ಅವಳ ಕಾರ್ಖಾನೆಯವರ ಬಾಯಲ್ಲಿ ಅದು 'ಡ್ರೈವರ್'. ಹೊಸ ಗ್ರಂಥಾಲಯ ಉದ್ಘಾಟನೆಯಾದ ಮೂರನೇ ವಾರ ಒಂದು ದೀಪ ಹೊಗೆಯಾಡಿತು. ಅದನ್ನು ಇಳಿಸಲು ಹೋದ ಅಟೆಂಡರ್‌ನ ಅಂಗೈ ಸುಟ್ಟಿತು. ಹಿರಿಯ ಎಂಜಿನಿಯರ್ ವರದಿ ಕೊಟ್ಟಿದ್ದರು: 'ಡ್ರೈವರ್ ಬಿಚ್ಚಿ ಪರೀಕ್ಷಿಸಿದೆ. ರೆಸಿಸ್ಟರ್ ಲೆಕ್ಕ ತಪ್ಪಿ ಕರೆಂಟು ಹೆಚ್ಚಾಗಿದೆ. ವಿನ್ಯಾಸದ ದೋಷ.'

"ನನಗೆ ಕೆಲಸ ಕಲಿಸಿದವರೇ ಅವರು. ಮಗಳೇ ಅಂತಾನೇ ಕರೀತಿದ್ರು," ಎಂದಳು ಹುಡುಗಿ. "ಒಂದೇ ಒಂದು ದೀಪ ಬಿಚ್ಚಿ ನೋಡ್ತೀನಿ ಅಂತ ಬೇಡ್ಕೊಂಡೆ. ಮ್ಯಾನೇಜರ್ ಬಿಡಲಿಲ್ಲ."

"ಆ ನಮೂನೇದು ಎಷ್ಟು ಮಾಡಿದ್ರಿ?"

"ನಲವತ್ತೇ. ಎಲ್ಲ ಗ್ರಂಥಾಲಯಕ್ಕೇ ಹೋದ್ವು."

"ನಡಿಯಪ್ಪಾ," ಎಂದು ಮೇಷ್ಟ್ರು ಭಾವಮೈದುನನ ಕಡೆ ತಿರುಗಿದರು. ಅರ್ಧ ಹೊಲಿದ ಷರಟನ್ನು ಹಾಗೇ ಬಿಟ್ಟು ಟೈಲರ್ ಹೊರಟ.

ಗ್ರಂಥಾಲಯದಲ್ಲಿ ಅಟೆಂಡರ್ ಬ್ಯಾಂಡೇಜಿನ ಕೈಯಲ್ಲೇ ಬೀರು ತೆರೆದ. ಹೊಗೆಯಾಡಿದ ದೀಪ ಇಳಿಸಿದ ದಿನದಿಂದಲೂ ಅಲ್ಲೇ ಬೀಗದೊಳಗಿತ್ತು. ಉಳಿದವು ಚಾವಣಿಯಲ್ಲಿದ್ದವು. ಟೈಲರ್ ಏಣಿ ಹತ್ತಿ ಒಂದೊಂದನ್ನೇ ನೋಡಿ ಎಣಿಸಿದ. ನಲವತ್ತೂ ಇದ್ದವು, ನಲವತ್ತರ ಡ್ರೈವರ್ ಪೆಟ್ಟಿಗೆಗೂ ಕಾಗದದ ಸೀಲು ಇತ್ತು, ಒಂದೂ ಹರಿದಿರಲಿಲ್ಲ.

"ಇವನ್ನ ಯಾವಾಗಲಾದ್ರೂ ಇಳಿಸಿದ್ರಾ?" ಎಂದು ಮೇಷ್ಟ್ರು ಅಟೆಂಡರನ್ನು ಕೇಳಿದರು.

"ಉದ್ಘಾಟನೆಗೆ ಎರಡು ದಿನ ಮೊದಲು ಕಂಪನಿ ವ್ಯಾನು ಬಂತು, ಸಾರ್. ಧೂಳು ಒರೆಸ್ಬೇಕು ಅಂತ ಎಲ್ಲಾನೂ ಒಯ್ದು ಮಾರನೇ ದಿನ ತಂದ್ರು. ಆಮೇಲೆ ಬೆಳಕು ಕಣ್ಣಿಗೆ ಹೊಡೆಯೋ ಹಾಗಿತ್ತು."

ಅಟೆಂಡರ್ ದಿನವೂ ಸಂಜೆ ದೀಪಗಳ ಮೀಟರ್ ನೋಡಿ ಬರೆದಿಡುತ್ತಿದ್ದ. ಮೇಷ್ಟ್ರು ಆ ಪುಸ್ತಕವನ್ನು ಎರಡು ಸಲ ತಿರುವಿದರು. ಆಮೇಲೆ ಸುಟ್ಟ ದೀಪದ ಸೀಲು ಹರಿದು ಪೆಟ್ಟಿಗೆ ಬಿಚ್ಚಿದರು. ಕರೆಂಟನ್ನು ತಡೆದು ಹಿಡಿಯುವ, ಅಕ್ಕಿಕಾಳಿನಷ್ಟು ರೆಸಿಸ್ಟರಿನ ಬೆನ್ನ ಮೇಲೆ ಇನ್ನೊಂದು ಕೂತಿತ್ತು.

"ತೇಪೆ ಮೇಲೆ ತೇಪೆ!" ಎಂದ ಟೈಲರ್.

ಹುಡುಗಿಯ ಮುಖ ಕೆಂಪೇರಿತು. "ನಾನು ಬರೆದಿದ್ದು ಒಂದೇ!"

ಮರುದಿನ ಬೆಳಿಗ್ಗೆ ಅದೇ ಗ್ರಂಥಾಲಯಕ್ಕೆ ಮೇಷ್ಟ್ರು ಮೂವರನ್ನು ಕರೆಸಿದರು: ಮ್ಯಾನೇಜರ್, ಹಿರಿಯ ಎಂಜಿನಿಯರ್, ಮತ್ತು ಪ್ರತಿ ಪೆಟ್ಟಿಗೆಗೂ ಸೀಲು ಅಂಟಿಸುತ್ತಿದ್ದ ಮೇಲ್ವಿಚಾರಕಿ. ಕಾರ್ಖಾನೆಯಲ್ಲಿ ಅವಳ ಹೆಸರೇ ಸೀಲಮ್ಮ.

"ರೆಸಿಸ್ಟರ್ ಎರಡಾದ್ರೆ ಕರೆಂಟಿಗೆ ಎರಡು ದಾರಿ," ಎಂದು ಮೇಷ್ಟ್ರು ಶುರುಮಾಡಿದರು. "ಬೆಳಕು ಜಾಸ್ತಿ, ಬಿಸೀನೂ ಜಾಸ್ತಿ. ಇದು ವಿನ್ಯಾಸದ ತಪ್ಪಾಗಿದ್ರೆ ಮೊದಲ ದಿನದಿಂದ ಇರಬೇಕಿತ್ತು. ಉದ್ಘಾಟನೆಗೆ ಮೊದಲು ಪರೀಕ್ಷೆಗೆ ಉರಿಸಿದ ವಾರ ಈ ದೀಪಗಳು ದಿನಕ್ಕೆ ಏಳು ಯೂನಿಟ್ ತಿಂದಿವೆ, ಹುಡುಗಿ ಲೆಕ್ಕ ಹಾಕಿದ್ದಷ್ಟೇ. ಧೂಳು ಒರೆಸಿಕೊಂಡು ಬಂದ ಮೇಲೆ ಅಷ್ಟೇ ಹೊತ್ತಿಗೆ ಹತ್ತು! ಧೂಳಿಗೆ ಅಷ್ಟು ಶಕ್ತಿ ಇದೆಯಾ?"

"ದೀಪ ಎರಡನೇ ಸಲ ನನ್ನ ಮೇಜಿಗೆ ಬಂದೇ ಇಲ್ಲ!" ಸೀಲಮ್ಮ ಸಿಡಿದಳು. "ಆ ವಾರ ಒಂದು ಸುರುಳಿ ಸೀಲು ಮಾತ್ರ ಎಂಜಿನಿಯರುಗಳ ಕೋಣೆಯಿಂದ ಹೇಳಿಕಳಿಸಿ ತರಿಸ್ಕೊಂಡ್ರು."

ಮ್ಯಾನೇಜರ್ ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಂಡರು. "ಉದ್ಘಾಟನೆಗೆ ಬೆಳಕು ಸಾಲಲ್ಲ ಅಂದೆ. ಇವಳು ಪೆಟ್ಟಿಗೆ ಕಾದು ಹೋಗತ್ತೆ ಅಂತ ಒಪ್ಪಲಿಲ್ಲ. ಹಿರಿಯರು ನಾನು ನೋಡ್ಕೋತೀನಿ ಅಂದ್ರು. ಹೇಗೆ ಅಂತ ನಾನು ಕೇಳಲಿಲ್ಲ."

"ಕೇಳದೇ ಇದ್ದದ್ದೂ ತಪ್ಪೇ," ಎಂದ ಮೇಷ್ಟ್ರು ವರದಿಯನ್ನು ಹಿರಿಯರ ಮುಂದಿಟ್ಟರು. "ಬಿಚ್ಚಿ ನೋಡಿದೆ ಅಂತ ಬರೆದಿದ್ದೀರಿ. ಇರೋದು ನಲವತ್ತು ದೀಪ. ನಿನ್ನೆ ನಾನು ಬರೋವರೆಗೂ ಒಂದರ ಸೀಲೂ ಒಡೆದಿರಲಿಲ್ಲ. ಬಿಚ್ಚದೇ ಒಳಗಿನ ರೆಸಿಸ್ಟರ್ ತಪ್ಪು ಅಂತ ಹೇಗೆ ಗೊತ್ತಾಯ್ತು? ಅದನ್ನ ಅಲ್ಲಿ ಕೂರಿಸಿದವನಿಗೆ ಮಾತ್ರ ಗೊತ್ತಿರತ್ತೆ!"

ಹಿರಿಯರು ವರದಿಯನ್ನು ಮಡಚಿದರು. "ಇಷ್ಟು ಕಾಯತ್ತೆ ಅಂದ್ಕೊಂಡಿರಲಿಲ್ಲ. ಒಪ್ಕೊಂಡಿದ್ರೆ ನನ್ನ ಮೂವತ್ತು ವರ್ಷದ ಹೆಸರು ಮಣ್ಣುಪಾಲಾಗ್ತಿತ್ತು. ಇವಳಿಗಿನ್ನೂ ವಯಸ್ಸಿದೆ, ಇನ್ನೆಲ್ಲಾದ್ರೂ ಕೆಲಸ..."

"ಇನ್ನೆಲ್ಲಿ, ಸಾರ್?" ಹುಡುಗಿಯ ಕಣ್ಣು ಅವರ ಮುಖ ಬಿಟ್ಟು ಕದಲಲಿಲ್ಲ. "ಜನರ ಕೈ ಸುಟ್ಟವಳು ಅಂತ ಹೆಸರು ಹೊತ್ಕೊಂಡು ಯಾರ ಬಾಗಿಲಿಗೆ ಹೋಗಲಿ? ಹಾಗೆ ಮಾಡಿದ್ರೆ ಕಾದು ಹೋಗತ್ತೆ ಅಂತ ಹೇಳ್ಕೊಟ್ಟವರೇ ನೀವಲ್ವಾ?"

ಟೈಲರ್‌ಗೆ ತಡೆಯಲಾಗಲಿಲ್ಲ. "ಮಗಳೇ ಅಂತ ಕರೆದ ಬಾಯಲ್ಲೇ ಅವಳ ಅನ್ನ ಕಿತ್ತುಕೊಂಡ್ರಲ್ಲ! ಥೂ!"

ಮನೆ ಮಾತು ಮನೆಯಲ್ಲೇ ಇರಲಿ ಎಂದು ಮ್ಯಾನೇಜರ್ ಗೊಣಗಿದರು. ಅಟೆಂಡರ್ ಒಪ್ಪಲಿಲ್ಲ. ಅಂದೇ ಪೊಲೀಸ್ ಠಾಣೆಯಲ್ಲಿ ದೂರು ದಾಖಲಾಯಿತು, ಹಿರಿಯರು ಕೆಲಸ ಕಳೆದುಕೊಂಡು ಮನೆಗೆ ಹೋದರು.

ಸೋಮವಾರ ಮ್ಯಾನೇಜರ್ ಹುಡುಗಿಯನ್ನು ಕರೆಸಿ, ಖಾಲಿಯಾಗಿದ್ದ ಹಿರಿಯರ ಕುರ್ಚಿ ತೋರಿಸಿ, "ಕೂತ್ಕೋಮ್ಮ" ಎಂದರು. ಅವಳು ನಿಂತೇ ಇದ್ದಳು. ವಿನ್ಯಾಸ ಮಾಡಿದವರ ಸಹಿ ಇಲ್ಲದೆ ಯಾವ ಸರ್ಕ್ಯೂಟನ್ನೂ ಯಾರೂ ಮುಟ್ಟಬಾರದು, ಅವರು ಎಷ್ಟೇ ದೊಡ್ಡವರಾಗಲಿ: ಅದನ್ನು ಕಂಪನಿಯ ನಿಯಮವಾಗಿ ಬರೆದು ಸಹಿ ಹಾಕಿ ಎಂದಳು. ನಾಲ್ಕು ಸಾಲು ಬರೆಯಲು ಮ್ಯಾನೇಜರ್‌ಗೆ ಅರ್ಧ ಗಂಟೆ ಹಿಡಿಯಿತು.

ಅಷ್ಟು ಹೊತ್ತೂ ಅವಳು ಕೂರಲಿಲ್ಲ.