ಶ್ರೀರಂಗಪಟ್ಟಣದಲ್ಲಿ ಒಂದು ರಾಹುಕಾಲ

"ಇಲ್ಲಿಗೂ ಬಂದ್ರಾ? ಯಾರು ಕರೆದಿದ್ರು ನಿಮ್ಮನ್ನ!"

ಶ್ರೀರಂಗಪಟ್ಟಣದ ಹಳೇ ಚರ್ಚಿನ ಮೆಟ್ಟಿಲ ಮೇಲೆ ಲತಾಮಣಿ ಗಕ್ಕನೆ ನಿಂತಳು. ಎದುರಿಗೆ ಶಿವರಾಮ್! ಎರಡು ವರ್ಷದಿಂದ 'ನೀನು' ಆಗಿದ್ದವನು ಇವತ್ತು 'ನೀವು'. ಕೋಪ ಅಷ್ಟಿತ್ತು.

ಭಾನುವಾರವೆಂದು ಆಫೀಸಿನವರ ಜೊತೆ ವ್ಯಾನಿನಲ್ಲಿ ಬಂದಿದ್ದಳು. ಕೋಟೆ ಸುತ್ತಿದರೂ, ಎರಡು ಚರ್ಚು ನೋಡಿದರೂ ಮನಸ್ಸು ಒಂದು ಕಡೆ ನಿಲ್ಲಲಿಲ್ಲ. ಕೋಟೆ ಬಾಗಿಲಿನ ಫೋಟೋವನ್ನು ಸ್ಟೇಟಸ್‌ಗೆ ಹಾಕಿದ್ದಳು. ಯಾರು ನೋಡಲಿ ಅಂತ ಹಾಕಿದ್ದಳೋ, ಅವನು ಬೆಂಗಳೂರಿನ ಸಾರಕ್ಕಿಯಿಂದ ಬೈಕ್ ಹತ್ತಿ ಬಂದೇಬಿಟ್ಟಿದ್ದ. ಈಗ ನೋಡಿದರೆ ಅವಳದೇ ಸಿಡುಕು!

"ನಿನ್ನೆಯಿಂದ ಫೋನೇ ಎತ್ತಿಲ್ಲ ನೀನು..."

"ಒಂಬತ್ತೂವರೆಗೆ ಬಂದು ಅಪ್ಪನ ಹತ್ರ ಮದುವೆ ಮಾತಾಡ್ತೀನಿ ಅಂದೋರು ಯಾರು? ಪಾಪ, ಅಪ್ಪ ಇಸ್ತ್ರಿ ಶರ್ಟ್ ಹಾಕ್ಕೊಂಡು ಬಾಗಿಲಲ್ಲೇ ನಿಂತಿದ್ರು. ಹತ್ತೂವರೆಗೆ ಡ್ಯೂಟಿಗೆ ಹೋದ್ರು. ನಾವು ಬೌದ್ಧರು ಅಂತ ಹಿಂದೇಟು ಹಾಕಿದ್ರೆ ಅದನ್ನೇ ಹೇಳಿ!"

"ಅಯ್ಯೋ, ಅದಲ್ಲ! ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲ. ಹೊಸ್ತಿಲು ದಾಟಬೇಡ ಅಂತ ಅಮ್ಮ ಅಡ್ಡ ನಿಂತ್ಲು. ಮುಗಿದ ತಕ್ಷಣ ಓಡಿ ಬಂದೆ, ನೀನು ಬಾಗಿಲೇ ತೆಗೀಲಿಲ್ಲ."

ರಾಹುಕಾಲ! ಸುದ್ದಗುಂಟೆಪಾಳ್ಯದ ಅವಳ ಮನೆಯಲ್ಲಿ ಕ್ಯಾಲೆಂಡರಿನ ಆ ಸಾಲನ್ನು ಯಾರೂ ಓದುವುದಿಲ್ಲ. ನಗು ಬರಬೇಕಿತ್ತು, ಬರಲಿಲ್ಲ.

"ಎಲ್ಲಿಗೆ ಹೋಗ್ತಿದೀನಿ ಅಂತ ಅಮ್ಮಂಗೆ ಹೇಳಿದ್ರಾ?"

ಶಿವರಾಮ್ ತಲೆ ತಗ್ಗಿಸಿದ. ಹೇಳಿರಲಿಲ್ಲ.

'ಒಂದೂವರೆ ಗಂಟೆಯ ಮಟ್ಟಿಗೂ ಅಮ್ಮನ ಮಾತು ಮೀರದವನು ನನಗಾಗಿ ಇನ್ನೇನು ಮೀರುತ್ತಾನೆ?' ಅವಳ ಕಣ್ಣು ತುಂಬಿತು.

ಗೇಟಿನಾಚೆ ವ್ಯಾನ್ ಹಾರ್ನ್ ಹೊಡೆಯಿತು. ಅವಳು ಆ ಕಡೆ ತಿರುಗಿದಳು...

"ನಿಲ್ಲು ಮಣಿ!"

ಅವನು ಮೊಬೈಲ್ ತೆಗೆದು ಅಮ್ಮನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದ.

"ಅಮ್ಮಾ, ಲತಾಮಣಿ ಅಂತ ಹುಡುಗಿ. ಅವಳನ್ನೇ ಮದುವೆ ಆಗ್ತೀನಿ. ಅವರು ಬೌದ್ಧರು. ನೀನು ಬೇಡ ಅಂದ್ರೂ ಆಗ್ತೀನಿ."

ಆ ಕಡೆಯಿಂದ ಅಮ್ಮ ಮುನಿವೆಂಕಟಮ್ಮನ ದನಿ ಗದರಿತು.

"ಲೋ, ಗಂಟೆ ಎಷ್ಟೋ ಈಗ?"

"ಐದೂಕಾಲು."

"ಭಾನುವಾರ ಆರರವರೆಗೂ ರಾಹುಕಾಲ ಕಣೋ ಮುಟ್ಠಾಳ! ಮದುವೆ ಮಾತು ಈಗ ಎತ್ತುತಾರಾ? ಆರಾದ್ಮೇಲೆ ಮಾಡು, ಆಗ ಹೂಂ ಅಂತೀನಿ. ಆ ಮಗೂ ಕೈಗೂ ಫೋನ್ ಕೊಡು... ಈಗಲ್ಲ, ಆಗ!"

ಫೋನ್ ಕಟ್ ಆಯಿತು. ವ್ಯಾನ್ ಮತ್ತೆ ಹಾರ್ನ್ ಹೊಡೆಯಿತು. ನೀವು ಹೊರಡಿ ಅಂತ ಲತಾಮಣಿ ವ್ಯಾನಿನವರಿಗೆ ಕೈ ಬೀಸಿದಳು. ಅಳುವೂ ನಗುವೂ ಒಟ್ಟಿಗೇ ಬಂದು ಮೆಟ್ಟಿಲ ಮೇಲೆ ಕುಸಿದು ಕೂತಳು.

"ಇನ್ನೂ ಮುಕ್ಕಾಲು ಗಂಟೆ... ಹೇಗೋ ಕಾಯೋದು?"

"ನಿಮ್ಮನೇಲಿ ರಾಹುಕಾಲ ನೋಡಲ್ಲ ಅಲ್ವಾ?"

"ಇವತ್ತೊಂದಿನ ನೋಡ್ತೀನಿ," ಅಂದು ಅವನ ಕೈ ಹಿಡಿದುಕೊಂಡಳು. "ಐದು ಹದಿನಾರು ಆಯ್ತು."