ಎರಡು ಡ್ಯಾಕ್‌ಗಳ ನಡುವೆ ಅವ್ವನ ಹಾಡು

"ಸಣ್ಣಗ ಮಾಡ್ರಿ! ನಮ್ಮವ್ವ ಇಷ್ಟು ಜೋರಾಗಿ ಎಂದೂ ಹಾಡಿದಾಕಿ ಅಲ್ಲ!"

ಗಂಗಾವತಿಯ ಸೌಂಡ್ ಸಿಸ್ಟಮ್ ಅಂಗಡಿಯಲ್ಲಿ ವಾಣಿಶ್ರೀ ಆಡಿದ ಮೊದಲ ಮಾತು ಇದು. ಅಂಗಡಿಯ ಪ್ರಭುರಾಜ ಬೆಚ್ಚಿ ವಾಲ್ಯೂಮ್ ಇಳಿಸಿ ತಿರುಗಿ ನೋಡಿದ. ಆಕೆಯ ಕಣ್ಣುಗಳು ತುಂಬಿದ್ದವು...

ತೀರಿಹೋದ ತಾಯಿ ಶಿವಲಿಂಗಮ್ಮನ ಭತ್ತದ ನಾಟಿ ಹಾಡುಗಳು ಆಕೆಯ ಫೋನಿನಲ್ಲಿದ್ದವು. ತಾನು ಕೆಲಸ ಮಾಡುವ ಆನೆಗೊಂದಿಯ ಬಾಳೆನಾರಿನ ಕೇಂದ್ರದಲ್ಲಿ ಅವನ್ನು ಕೇಳಿಸಲು ಒಳ್ಳೆಯ ಡ್ಯಾಕ್ ಬೇಕಿತ್ತು. ಅಂಕಿಗಳಲ್ಲಿ ಅಡಗಿದ ದನಿಯನ್ನು ಕಿವಿಗೆ ಮರಳಿಸುವ ಪೆಟ್ಟಿಗೆ.

ಪ್ರಭುರಾಜ ಎರಡನ್ನು ಜೋಡಿಸಿದ. "ಇದು ದನಿ ಇನ್ನೂ ಅಂಕಿಯೊಳಗ ಇದ್ದಾಗನ ವಾಲ್ಯೂಮ್ ಇಳಿಸ್ತೈತ್ರಿ. ಅದು ದನಿ ಹೊರಗ ಬಂದಮ್ಯಾಲೆ ಇಳಿಸ್ತೈತಿ, ಅದಕ ಸಣ್ಣ ಸಪ್ಪಳನೂ ಉಳೀತೈತಿ. ಸಣ್ಣಗ ಇಟ್ಟು ಕೇಳ್ರಿ... ಹೆಂಗ ಅನಸ್ತೈತ್ರಿ?"

ಆಕೆ ಎರಡರಲ್ಲೂ ಹಾಡನ್ನು ಮತ್ತೆ ಮತ್ತೆ ಕೇಳಿದಳು. "ಗೊತ್ತಾಗವಲ್ದು. ಮುಂದಿನ ವಾರ ಬರ್ತೀನ್ರಿ."

ಹೋಲಿಕೆಗೆ ಒಂದು ನಿಯಮವಿದೆ: ಎರಡರ ದನಿಯನ್ನೂ ಅಳೆದು ಸಮಮಾಡಬೇಕು. ಕೂದಲೆಳೆಯಷ್ಟು ಜೋರಾದದ್ದೇ ಕಿವಿಗೆ ಚೆಂದವೆನಿಸುತ್ತದೆ. ಪ್ರಭುರಾಜ ಅದನ್ನು ತಿಳಿದೇ ಒಂದು ವಾರ ಇದನ್ನು, ಮರುವಾರ ಅದನ್ನು ತುಸು ಏರಿಸಿಡತೊಡಗಿದ! ಆಕೆಯ ಆಯ್ಕೆಯೂ ವಾರವಾರ ಬದಲಾಯಿತು.

ಪಕ್ಕದ ಚಹಾದಂಗಡಿಯ ಅಬ್ದುಲಸಾಬ ಛೇಡಿಸಿದ: "ಏನಪಾ ಪ್ರಭು, ಲಗ್ನದ ಸೀರಿನೂ ಇಷ್ಟು ದಿನ ಆರಿಸಂಗಿಲ್ಲಲೋ!"

ಒಂದು ಮಧ್ಯಾಹ್ನ ವಾಣಿಶ್ರೀ ದನಿ ಅಳೆಯುವ ಮೀಟರನ್ನು ತಾನೇ ಹಿಡಿದು ನೋಡಿದಳು. ಎರಡೂ ಸಮವಿರಲಿಲ್ಲ.

"ಬೇಕಂತನ ಮಾಡೀರೇನು?"

"ಹೌದ್ರಿ."

"ಯಾಕ?"

ಪ್ರಭುರಾಜ ಎರಡರ ವಾಲ್ಯೂಮನ್ನೂ ಸಮಮಾಡಿದ. "ತಪ್ಪಾತ್ರಿ," ಎಂದಷ್ಟೇ ಅಂದ.

"ನಮ್ಮವ್ವನ ಹಾಡು ಇಟಗೊಂಡು ಆಟ ಆಡಿದ್ರೇನು!"

ಆಕೆ ಹೊರಟುಹೋದಳು.

ಗದ್ದೆಗಳು ತೆನೆ ಹೊತ್ತವು. ವಾಣಿಶ್ರೀ ಬಾಳೆನಾರು ಹೊಸೆಯುತ್ತಾ ಫೋನಿನಲ್ಲೇ ಅವ್ವನ ಹಾಡು ಹಚ್ಚುವಳು. ಹಾಡು ಮುಗಿದರೂ ಕಿವಿ ಕಾಯುತ್ತಿತ್ತು... 'ಹೆಂಗ ಅನಸ್ತೈತ್ರಿ?' ಎಂದು ಕೇಳುವ ಆ ದನಿಗೆ. 'ಮೋಸಕ್ಕಲ್ಲ, ಆ ಮೌನಕ್ಕ ಸಿಟ್ಟು ಬಂತು. ಕಾರಣ ಒಂದು ಹೇಳಬಾರದಾಗಿತ್ತೇನು...'

ಅಂಗಡಿಯಲ್ಲಿ ಪ್ರಭುರಾಜ ಅತ್ತನೆಂದು ಗಂಗಾವತಿಯವರು ಹೇಳುತ್ತಾರೆ. ಆನೆಗೊಂದಿಯವರು ಹೇಳುವ ಕಥೆಯಲ್ಲಿ ಅದಿಲ್ಲ. ಕೊಯ್ಲಿನ ಹೊತ್ತಿಗೆ ಎರಡನೆಯ ಡ್ಯಾಕನ್ನು ಎದೆಗವಚಿಕೊಂಡು ಆಕೆಯ ಬಾಗಿಲಲ್ಲಿ ನಿಂತನೆಂಬುದರಲ್ಲಿ ಮಾತ್ರ ಎರಡೂ ಊರಿನವರದು ಒಂದೇ ಮಾತು.

"ಆರಿಸಿಬಿಟ್ರ ನೀವು ಬರೋದು ನಿಲ್ತೈತಿ ಅಂತ ಅಂಜಿ ಹಂಗ ಮಾಡಿದ್ನಿರಿ. ನೀವಂದ್ರ ನನಗ... ಭಾಳ ಜೀವ."

ವಾಣಿಶ್ರೀಯ ಕೈಯ ನಾರು ಜಾರಿತು. "ಮೊದಲನೇ ದಿನಾನ ನಾ ಆರಿಸಿದ್ದೆ. ಇದರಾಗ ಅಷ್ಟು ಸಣ್ಣಗ ಇಟ್ಟರೂ ಅವ್ವ ಉಸುರು ಎಳಕೊಳ್ಳೋದು ಕೇಳಿತ್ತು."

"ಮತ್ತ ವಾರವಾರ ಬ್ಯಾರೆ ಬ್ಯಾರೆ ಹೇಳಿದ್ರಿ?"

"ನಿಮಗೊಬ್ಬರಿಗೇ ಅಂಜಿಕಿ ಇತ್ತೇನು?"

ಇಬ್ಬರೂ ನಕ್ಕರು... ಅಳುವಿನಂತೆಯೇ ಇತ್ತು ಆ ನಗು.

"ಅಪ್ಪ ಒಳಗ ಅದಾರ. ಈಗ ಹೇಳಿದ್ದನ್ನ ಅವರ ಮುಂದೂ ಹೇಳ್ರಿ."

"ಈಗೇನ್ರಿ?"

"ಮತ್ತೇನು, ಇನ್ನೂ ನಾಕು ವಾರ ಹೋಲಿಸಿ ನೋಡಬೇಕೇನು?"