ನೆವವಿಲ್ಲದ ಮಾಟ

“ಹನುಮ್ಯಾ ಕೊಂದಾನ, ಅದು ಖರೇ ಐತಿ. ಯಾಕ ಕೊಂದ ಅಂತ ಮಾತ್ರ ಹುಡುಕಬ್ಯಾಡ ತಮ್ಮಾ. ಕೈ ಮುಗೀತೇನಿ, ನೆವ ಹುಡುಕಬ್ಯಾಡ.”

ಮೈಲವ್ವ ನಿಜಕ್ಕೂ ಕೈ ಮುಗಿದಳು. ವರ್ಷಗಟ್ಟಲೆ ಮೆಣಸಿನಕಾಯಿಯ ತೊಟ್ಟು ಮುರಿದು ಆ ಕೈಗಳ ಉಗುರಿನ ಸಂದಿಯೆಲ್ಲ ಕೆಂಪಾಗಿತ್ತು. ವಿಜಯಮಹಾಂತೇಶ ಮೊದಲು ಆ ಕೈಗಳನ್ನು ಕ್ಯಾಮೆರಾದಲ್ಲಿ ಹಿಡಿದುಕೊಂಡ, ಆಮೇಲೆ ನಕ್ಕ. ಬೇಡ ಎಂದದ್ದನ್ನೇ ಮಾಡುವುದರಲ್ಲಿ ಅವನಿಗೆ ಎಳವೆಯಿಂದಲೂ ಒಂದು ಖುಷಿ.

ಅವನ ಕಸುಬೂ ಅಂಥದ್ದೇ. ಕೊಲೆ ಆರೋಪಿಗಳ ಮನಸ್ಸಿನೊಳಗೆ ಹೊಕ್ಕು ಬರುತ್ತೇನೆಂದು ಒಂದು ವಿಡಿಯೋ ಚಾನೆಲ್ ನಡೆಸುತ್ತಿದ್ದ. ಬೇರೆಯವರ ಹಾಗೆ ‘ಆರೋಪಿ ಹೀಗೆ ಯೋಚಿಸಿರಬಹುದು’ ಎನ್ನುವವನಲ್ಲ. ‘ನಾನು ಹೀಗೆ ಯೋಚಿಸಿದೆ, ನಾನು ಕತ್ತಿ ಎತ್ತಿದೆ’ ಎಂದು ಆರೋಪಿಯೇ ಆಗಿಬಿಡುತ್ತಿದ್ದ. ಜನ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಸತ್ತವರ ಮನೆಯವರಿಗೆ ಅದನ್ನು ನೋಡಿದರೆ ಏನಾದೀತು ಎಂದು ಅವನು ಯಾವತ್ತೂ ಕೇಳಿಕೊಂಡವನಲ್ಲ. ಬ್ಯಾಂಕಿನಲ್ಲಿದ್ದ ಹೆಂಡತಿ ಶ್ವೇತಾಳಿಗೆ ಹಾವೇರಿಗೆ ವರ್ಗವಾಯಿತೆಂದು ದಾವಣಗೆರೆಯಿಂದ ಅವಳ ಹಿಂದೆ ಬಂದವನಿಗೆ, ಸಾಮಾನು ಬಿಚ್ಚುವ ಮೊದಲೇ ಬ್ಯಾಡಗಿಯ ಈ ಕೊಲೆಯ ಸುದ್ದಿ ಸಿಕ್ಕಿತು. ಹಸಿದವನಿಗೆ ಹೋಳಿಗೆ ಸಿಕ್ಕ ಹಾಗಾಯಿತು.

ಸುದ್ದಿಯಲ್ಲಿ ಇದ್ದದ್ದು ಇಷ್ಟೇ. ಮೈಲವ್ವನ ಕಿರಿಮಗ ಹನುಮೇಶ, ಮಧ್ಯಾಹ್ನ ಉಂಡು ಮಲಗಿದ್ದ ಅಣ್ಣ ಲಕ್ಷ್ಮಪ್ಪನ ತಲೆಯ ಮೇಲೆ ಒಳಕಲ್ಲಿನ ಗುಂಡು ಎತ್ತಿ ಹಾಕಿದ. ಕುಡಿದಿರಲಿಲ್ಲ. ಹೊಲದ ಜಗಳವಿಲ್ಲ, ಹೆಣ್ಣಿನ ಜಗಳವಿಲ್ಲ. ಹಾಕಿದವನು ಹೊರಗೆ ಬಂದು ಕಟ್ಟೆಯ ಮೇಲೆ ಕೂತ, ಪೊಲೀಸರು ಬರುವವರೆಗೂ ಏಳಲಿಲ್ಲ. ಯಾಕೆ ಎಂದು ಕೇಳಿ ಕೇಳಿ ಅವರು ಸೋತರು, ಅವನು ತುಟಿ ಬಿಚ್ಚಲಿಲ್ಲ. ಓಣಿಯ ಜನರೂ ಅಷ್ಟೇ. ನಾಲಿಗೆ ತುರಿಸುವಂಥ ಸುದ್ದಿ ಮಗ್ಗುಲ ಮನೆಯಲ್ಲೇ ಬಿದ್ದಿದ್ದರೂ ಒಬ್ಬರೂ ಬಾಯಿ ಬಿಡುತ್ತಿರಲಿಲ್ಲ.

“ನೆವ ಹುಡುಕಿದರೆ ಏನಾಗತ್ತೆ ಅಮ್ಮಾ?” ಎಂದು ವಿಜಯ ಕೇಳಿದ.

ಮೈಲವ್ವ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. “ರಾಣೆಬೆನ್ನೂರ ಕಡೆ ಒಬ್ಬ ಮಾಟಗಾರ ಇದ್ದ. ಯಾರ್ದೋ ಮನಿ ಮುರೀಬೇಕಂತ ಒಬ್ಬಾಂವ ಅವನ ಮುಂದ ಬಂದು ಕುಂತ. ಲಿಂಬಿಹಣ್ಣು ಕೊಯ್ದಾಗಿತ್ತು. ಕೂದಲಾ ಸುತ್ತಿದ ಗೊಂಬಿ ಎದ್ದು ಕುಂತಿತ್ತು. ‘ಯಾಕ ಕೊಲ್ಲಬೇಕು, ನೆವ ಹೇಳು’ ಅಂದ ಮಾಟಗಾರ. ನೆವ ಹೇಳದ ಮಾಟ ಮುಗಿಯೂದಿಲ್ಲ. ಬಂದಾಂವ ಬಾಯಿ ತೆರದ, ಎದಿ ಹಿಡಕೊಂಡು ಅಲ್ಲೇ ಸತ್ತ. ಮಾಟ ಅರ್ಧಕ್ಕ ಎದ್ದು ಹ್ವಾತು. ಅದಕ್ಕ ಕೈ ಅದಾವ, ಕಾಲು ಅದಾವ. ನೆವ ಒಂದಿಲ್ಲ. ಮನಿ ಮನಿ ತಿರುಗಿ ಅದನ್ನ ಕೇಳತೈತಿ. ಕೊಟ್ಟವನ ಮೈಯಾಗ ಹೊಕ್ಕೊಂತೈತಿ.”

“ನಿಮ್ಮ ಮಗ ಕೊಟ್ಟನಾ?”

“ಅಲ್ಲೇ ಕರಬಸಪ್ಪ ಅಂತ ಒಬ್ಬ ಟೇಲರ್ ತನ್ನ ಹೆಂಡ್ತೀನ ಕೊಂದ. ಯಾಕ ಅಂತ ಯಾರಿಗೂ ಗೊತ್ತಿಲ್ಲ. ಚಾದಂಗಡ್ಯಾಗ ಆ ಮಾತು ಬಂತು. ನನ್ನ ಮಗ ಬಾಯಿ ಮುಚಗೊಂಡು ಕುಂದರಬೇಕಿಲ್ಲೋ? ‘ಒಂದ ತಾಟಿನ್ಯಾಗ ಉಂಡವ್ರು ಬ್ಯಾಸರಾದ್ರ ಹಂಗ ಆಕ್ಕೈತಿ’ ಅಂದ. ಅಷ್ಟ ಅಂದ ನೋಡು.” ಅವಳು ಒಳಕೋಣೆಯ ಕಡೆ ಕೈ ತೋರಿದಳು. “ನನ್ನ ಮಕ್ಕಳಿಬ್ರೂ ಸಣ್ಣಂದಿನಿಂದ ಒಂದ ತಾಟಿನ್ಯಾಗ ಉಣ್ಣವ್ರು.”

ಕೇಳಿದವನಿಗೆ ಅಯ್ಯೋ ಅನಿಸಬೇಕಿತ್ತು. ವಿಜಯನಿಗೆ ಅನಿಸಿದ್ದು, ಇದು ಒಳ್ಳೇ ಶುರುವಾತು ಎಂದು. “ಮಾಟಕ್ಕೂ ಕಾರಣ ಕೇಳುವ ಬುದ್ಧಿ ಇದೆ ಅಂದರೆ ಅದು ನಮ್ಮ ಪೊಲೀಸರಿಗಿಂತ ವಾಸಿ ಬಿಡಿ ಅಮ್ಮಾ” ಎಂದು ಚೇಷ್ಟೆ ಮಾಡಿ, ಕ್ಯಾಮೆರಾ ಎತ್ತಿಕೊಂಡು ಕೊಲೆ ನಡೆದ ಒಳಕೋಣೆಗೆ ನಡೆದ. ಬೇಲಿಯ ಮೇಲೆ ಹೋಗುವ ಓತಿಕ್ಯಾತವನ್ನು ಹಿಡಿದು ಕಿವಿಯಲ್ಲಿ ಬಿಟ್ಟುಕೊಳ್ಳುವುದೆಂದರೆ ಇದೇ.

ಹೊರಗೆ ಮಾರ್ಚಿನ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಒಳಗೆ ಕಗ್ಗತ್ತಲೆ. ಕಿಟಕಿಗೆ ಗೋಣಿತಟ್ಟು ಬಡಿದಿದ್ದರು. ಗೋಡೆಯಿಂದ ಗೋಡೆಗೆ ಒಣಮೆಣಸಿನಕಾಯಿಯ ರಾಶಿ, ಮೂಗಿನ ಹೊಳ್ಳೆಯಲ್ಲಿ ಕಿಡಿ ಎದ್ದಂಥ ಘಾಟು, ಅದರಡಿಯಲ್ಲಿ ಸಾರಿಸಿದರೂ ಹೋಗದ ಇನ್ನೊಂದು ವಾಸನೆ. ಅವನು ನಾಲ್ಕಾರು ಸಲ ಸೀನಿ, ಕಣ್ಣೊರೆಸಿಕೊಂಡು, ದನಿಗೆ ಗಾಂಭೀರ್ಯ ತಂದುಕೊಂಡ.

“ನಾನು ಹನುಮೇಶ. ಅಣ್ಣ ಇಲ್ಲಿ ಮಲಗಿದ್ದಾನೆ. ಅವನ ಉಸಿರು ಕೇಳಿಸುತ್ತಿದೆ. ಗುಂಡುಕಲ್ಲು ನನ್ನ ಕೈಯಲ್ಲಿದೆ.”

“ಯಾಕ?”

ಎಡಗಿವಿಯ ಹತ್ತಿರವೇ ಬಂತು ದನಿ. ಮೆತ್ತಗಿನ, ದಣಿದ, ಬಹಳ ದೂರ ನಡೆದು ಬಂದವರ ದನಿ. ಮೈಲವ್ವ ಹಿಂದೆಯೇ ಬಂದು ನಿಂತಿದ್ದಾಳೆ ಎಂದುಕೊಂಡ ವಿಜಯ, ಇದು ಇನ್ನೂ ಚೆನ್ನಾಯಿತು ಎಂದು ತಿರುಗದೆ ಉತ್ತರಿಸಿದ.

“ಯಾಕೆಂದರೆ ಅವನು ನಗುತ್ತಿದ್ದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಹೊಡೆದಿದ್ದರೂ ಸರಿ. ನಾನು ಏನು ಮಾಡಲು ಹೋದರೂ ಪ್ರೀತಿಯಿಂದಲೇ ನಗುತ್ತಿದ್ದ. ಮನೆಯವರ ನಗುವಿನಿಂದ ತಪ್ಪಿಸಿಕೊಳ್ಳಲು ಬೇರೆ ದಾರಿ ಇಲ್ಲ.”

ಮೆಣಸಿನಕಾಯಿಯ ರಾಶಿ ಬರಬರ ಎಂದು ಸದ್ದು ಮಾಡಿತು, ಅದರ ಮೇಲೆ ಕೂತಿದ್ದ ಯಾರೋ ಎದ್ದ ಹಾಗೆ. ಅವನ ಬೆನ್ನಹುರಿಯಲ್ಲಿ ತಣ್ಣಗಿನದೊಂದು ಇಳಿಯಿತು. ಅಷ್ಟೇ.

ಹೊರಗೆ ಬಂದಾಗ ಮೈಲವ್ವ ಬೀದಿಯ ನಲ್ಲಿಯಿಂದ ಕೊಡ ಹೊತ್ತು ಬರುತ್ತಿದ್ದಳು. “ಒಳ್ಳೇ ಸಮಯಕ್ಕೆ ಕೇಳಿದಿರಿ ಅಮ್ಮಾ” ಎಂದ.

“ನಾ ಒಳಗ ಬಂದೇ ಇಲ್ಲಲ್ಲೋ.” ಕೊಡ ಕೈಜಾರಿತು. “ಯಾರು ಕೇಳಿದ್ರು? ನೀ ಏನಂದಿ?”

ಅವಳು ಓಡಿಹೋಗಿ ಒಲೆಯಿಂದ ಕೆಂಡ ತಂದಳು. ಹಿಡಿ ಮೆಣಸಿನಕಾಯಿ, ಉಪ್ಪು ತಂದು ಅವನ ತಲೆಯ ಸುತ್ತ ನಿವಾಳಿಸಿ ಕೆಂಡಕ್ಕೆ ಹಾಕಿದಳು. ಮೆಣಸಿನಕಾಯಿ ಚಟಚಟ ಸುಟ್ಟು ಕಪ್ಪಾಯಿತು. ಓಣಿಯನ್ನೇ ಖಾಲಿ ಮಾಡಿಸುವಷ್ಟು ಘಾಟು ಏಳಬೇಕಿತ್ತು. ಏಳಲಿಲ್ಲ. ಹೊಗೆ ಬಂತು, ಅದರಲ್ಲಿ ಕೆಮ್ಮು ಬರಿಸುವಂಥದ್ದು ಏನೂ ಇರಲಿಲ್ಲ.

“ಮನ್ಯಾಗ ಯಾರದಾರ?”

“ಹೆಂಡತಿ.”

“ಆಕೀನ ತವರಿಗೆ ಕಳಸು. ಇವತ್ತ ಕಳಸು ಯಪ್ಪಾ.”

ಹಾವೇರಿಗೆ ಬರುವ ದಾರಿಯುದ್ದಕ್ಕೂ ವಿಜಯ ಇದನ್ನು ನೆನೆದು ನಕ್ಕ. ಸಂಜೆ ವಿಡಿಯೋ ಹಾಕಿ ನೋಡಿದಾಗ ನಗು ನಿಂತಿತು. ‘ಯಾಕ’ ಎಂಬ ದನಿ ಅದರಲ್ಲಿ ಇರಲಿಲ್ಲ. ಅವನ ಮಾತು, ಒಂದು ಖಾಲಿ ಜಾಗ, ಮತ್ತೆ ಅವನದೇ ಉತ್ತರ. ಹಿಂದೆ ನಿಂತು ನೋಡುತ್ತಿದ್ದ ಶ್ವೇತಾ ಕಿಲಕಿಲ ನಕ್ಕಳು. “ಯಾರ ಜೊತೆ ಮಾತಾಡ್ತಿದ್ದೀರಿ? ಮುಖ ನೋಡ್ರೀ ನಿಮ್ದು, ಪಾಠ ಒಪ್ಪಿಸೋ ಹುಡುಗನ ಹಾಗಿದೆ.”

ಆ ನಗುವಿಗೇ ಮನಸೋತು ಅವಳನ್ನು ಮದುವೆಯಾದವನು ಅವನು. ಅವಳ ನಗು ಎಂದರೆ ಮನೆಗೆ ದೀಪ ಹಚ್ಚಿದ ಹಾಗೆ ಎನ್ನುತ್ತಿದ್ದ. ಆ ಸಂಜೆ ಅದು ಗಂಟಲಲ್ಲಿ ಸಿಕ್ಕ ಮುಳ್ಳಿನ ಹಾಗೆ ಚುಚ್ಚಿತು. ಪ್ರೀತಿಯಿಂದಲೇ ನಗುತ್ತಾಳೆ. ಏನು ಮಾಡಲು ಹೋದರೂ ನಗುತ್ತಾಳೆ. ತನ್ನ ಬಾಯಿಂದ ಹೊರಟ ಮಾತೇ ತನ್ನೊಳಗೆ ಬೇರು ಬಿಡುತ್ತಿದೆ ಎಂದು ಅವನಿಗೆ ತಿಳಿಯಿತು, ತಿಳಿದೂ ಕೀಳಲಾಗಲಿಲ್ಲ.

ಮರುದಿನ ಅವಳು ಅಡುಗೆಮನೆಯಲ್ಲಿ ಫೋನಿನಲ್ಲಿ ಯಾರೊಂದಿಗೋ ನಗುತ್ತ ಚಪಾತಿ ಲಟ್ಟಿಸುತ್ತಿದ್ದಳು. ಅವನು ಹಾಲ್‌ನಲ್ಲಿ ಕೂತಿದ್ದ. ಕೂತಿದ್ದೇನೆ ಎಂದೇ ತಿಳಿದಿದ್ದ. ನೋಡಿದರೆ ಅವಳ ಬೆನ್ನ ಹಿಂದೆ ನಿಂತಿದ್ದ. ಕೈಯಲ್ಲಿ ಕಾಯಿ ಒಡೆಯುವ ಮಚ್ಚು. ಕೈ ಭುಜಕ್ಕಿಂತ ಮೇಲಿತ್ತು. ಅವಳ ಕುತ್ತಿಗೆಯ ಹಿಂದಿನ ಸಣ್ಣ ಕೂದಲು ಗಾಳಿಗೆ ಅಲುಗುತ್ತಿತ್ತು. ಅವನು ಹಲ್ಲು ಕಚ್ಚಿ ಆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ಇಳಿಸಿದ. ಬೇರೆಯವರ ಕೈ ಇಳಿಸಿದಷ್ಟು ಬಲ ಬೇಕಾಯಿತು.

ತವರಿಗೆ ಹೋಗೆಂದ. “ಮಾರ್ಚ್ ತಿಂಗಳು, ವರ್ಷದ ಲೆಕ್ಕ ಮುಗಿಸೋ ಹೊತ್ತಲ್ಲಿ ಬ್ಯಾಂಕಲ್ಲಿ ರಜೆ ಕೇಳಿದ್ರೆ ಕೆಲಸದಿಂದಲೇ ಕಳಿಸ್ತಾರೆ” ಎಂದು ಅವಳು ನಕ್ಕಳು. ತಾನೇ ದೂರ ಹೋಗೋಣವೆಂದು ಹುಬ್ಬಳ್ಳಿಯ ಬಸ್ಸು ಹತ್ತಿದ. ಕಣ್ಣು ಬಿಟ್ಟಾಗ ತನ್ನದೇ ಮನೆಯ ಮೆಟ್ಟಿಲ ಮೇಲಿದ್ದ.

ಕೊನೆಗೆ ಹನುಮೇಶನನ್ನೇ ಕಾಣಲು ಹೋದ. ಹಾವೇರಿಯ ಕೋರ್ಟಿಗೆ ಅವನನ್ನು ಕರೆತಂದಿದ್ದರು. ಪಡಸಾಲೆಯ ಬೆಂಚಿನಲ್ಲಿ ಪೇದೆಯ ಪಕ್ಕ ಕೂತಿದ್ದ ಹನುಮೇಶ ವಿಜಯನನ್ನು ನೋಡಿದ್ದೇ ಅಳತೊಡಗಿದ.

“ನೀವಾ ಅಲ್ರಿ? ನಿಮಗ ಬಂತಲ್ರಿ ಅದು. ನಂದು ಮೈ ಹಗೂರಾದ ಕೂಡ್ಲೆ ತಿಳೀತು, ಯಾರೋ ನೆವ ಕೊಟ್ರು ಅಂತ.”

“ಹೇಗೆ ಕಳೆಯೋದು ಇದನ್ನ? ಬೇಗ ಹೇಳು.”

“ಮತ್ತೊಬ್ರು ನೆವ ಕೊಟ್ರ ಅವರ ಕಡೆ ಹೋಗತೈತ್ರಿ. ಅದಕ್ಕ ನಾ ಯಾರ ಮುಂದೂ ತುಟಿ ಬಿಚ್ಚಲಿಲ್ಲ. ಮಾತಾಡಿದ್ರ ಕೇಳವ್ರು ಏನರ ಅಂತಾರ, ಅವರ ಮನಿ ಹಾಳಾಕ್ಕೈತಿ. ನನ್ನೊಳಗ ಮುಗೀಲಿ ಅಂತ ಕುಂತಿದ್ನಿ.” ಬೇಡಿಯ ಕೈಯಿಂದಲೇ ಕಣ್ಣೊರೆಸಿಕೊಂಡ. “ಅಷ್ಟು ದಿನ ಅಣ್ಣನ ಮುಖ ನೆನಪಾಗ್ತಿರ್ಲಿಲ್ರಿ. ಈಗ ಬರೇ ಅದ ಕಾಣತೈತಿ.”

ಜಗತ್ತೆಲ್ಲ ತಣ್ಣಗಿನ ಕ್ರೌರ್ಯ ಎಂದುಕೊಂಡಿದ್ದ ಮೌನದ ಹಿಂದೆ ಇದ್ದದ್ದು ಇದು. ಎಷ್ಟೋ ಕೊಲೆಗಾರರ ಮನಸ್ಸನ್ನು ಬಾಯಿಪಾಠದಂತೆ ಒಪ್ಪಿಸಿದವನಿಗೆ ಈ ಒಂದು ಮನಸ್ಸು ಊಹೆಗೂ ಬಂದಿರಲಿಲ್ಲ. ವಿಜಯನಿಗೆ ನಾಚಿಕೆಯಾಯಿತು. ಆದರೆ ನಾಚಿಕೆಗಿಂತ ಹೆದರಿಕೆ ದೊಡ್ಡದು.

ಶ್ವೇತಾಳಿಗೆ ಹೇಳುವ ಹಾಗಿಲ್ಲ. ಹೇಳಿದರೆ ಅವಳು ಏನಾದರೊಂದು ಅನ್ನುತ್ತಾಳೆ, ಅದು ಅವಳಿಗೇ ಹತ್ತುತ್ತದೆ. ಹಾಗಾಗಿ ಕೋಣೆ ಸೇರಿದ. ಹೊರಗಿನಿಂದ ಚಿಲಕ ಹಾಕು, ನಾನು ಎಷ್ಟು ಕೂಗಿದರೂ ತೆಗೆಯಬೇಡ ಎಂದ. ಅವಳು ಮೊದಲು ನಕ್ಕಳು. ಆಮೇಲೆ ಅತ್ತಳು. ಬಾಗಿಲಿಗೆ ಹಣೆ ಹಚ್ಚಿ “ಏನಾಯ್ತು ಹೇಳ್ರೀ, ನಾನು ಯಾರು ನಿಮಗೆ?” ಎಂದು ದಿನಾ ಕೇಳಿದಳು. ಅವನು ಕಿವಿಯಲ್ಲಿ ಬಟ್ಟೆ ತುರುಕಿಕೊಂಡು ಕೂತ. ಕೆಲವು ದಿನಗಳಾದ ಮೇಲೆ ಅವಳು ಕೇಳುವುದನ್ನು ನಿಲ್ಲಿಸಿದಳು. ಕಿಟಕಿಯಿಂದ ತಟ್ಟೆ ಇಡುತ್ತಿದ್ದಳು, ಎತ್ತುತ್ತಿದ್ದಳು.

ಒಂದು ಭಾನುವಾರ ಮಧ್ಯಾಹ್ನ ಪಕ್ಕದ ಮನೆಯವರ ಮಾತಿಗೆ ಅವಳು ಅಪರೂಪಕ್ಕೆ ನಕ್ಕದ್ದು ಕೇಳಿಸಿತು. ಅವನ ಕೈಗಳು ಎದ್ದು ಬಾಗಿಲನ್ನು ಬಡಿಯತೊಡಗಿದವು. ಹಲಗೆ ಬಿರುಕು ಬಿಟ್ಟಿತು. ಇನ್ನು ತಡೆಯಲಾಗುವುದಿಲ್ಲ. ಇವತ್ತು ಅವಳು ಸಾಯುತ್ತಾಳೆ.

ಅವನು ಒಂದು ಕೈಯನ್ನು ಬಲವಂತದಿಂದ ಬಾಗಿಲಿನಿಂದ ಕಿತ್ತು ಫೋನ್ ಎತ್ತಿಕೊಂಡ. ಅದರಲ್ಲೇ ವಿಡಿಯೋ ಮಾಡಿದ. “ಬ್ಯಾಡಗಿಯ ಹನುಮೇಶ ಅಣ್ಣನನ್ನು ಕೊಂದ. ಯಾಕೆ? ನನಗೆ ಗೊತ್ತಿಲ್ಲ. ನೀವು ಹೇಳಿ. ಕೆಳಗೆ ಬರೆಯಿರಿ.” ಹಾಕಿಬಿಟ್ಟ. ಯಾವುದೋ ಊರು. ಯಾರೋ ಗುರುತಿಲ್ಲದವರು. ಅವರ ಮನೆಯಲ್ಲೂ ಒಬ್ಬ ಹೆಂಡತಿ ಇರುತ್ತಾಳೆ, ಒಬ್ಬ ಅಣ್ಣ ಇರುತ್ತಾನೆ. ಆ ಯೋಚನೆ ಬಂತು. ಅದನ್ನು ಅವನು ಪೂರ್ತಿ ಬರಗೊಡಲಿಲ್ಲ.

ಕೈ ಸಡಿಲಾಯಿತು. ಬೆನ್ನಹುರಿಯಿಂದ ಏನೋ ಎದ್ದು ಹೊರಟುಹೋಯಿತು. ಮೈ ಹಗುರಾಯಿತು. ಶ್ವೇತಾಳ ನಗು ನೆನಪಾಯಿತು, ಚುಚ್ಚಲಿಲ್ಲ. ಅವನು ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ. ಯಾರಾದರೂ ಹಾಳಾಗಲಿ, ಅವಳು ಉಳಿದಳು. ಆಮೇಲೆ ತಡೆಯಲಾರದೆ ಫೋನ್ ನೋಡಿದ, ಪಾಪ, ಯಾರು ಸಿಕ್ಕರು ಎಂದು.

ಮೊದಲ ಉತ್ತರ ಶ್ವೇತಾಳದಾಗಿತ್ತು.

‘ಕೊಂದವನ ಕಾರಣ ನನಗೆ ಅರ್ಥವಾಗುತ್ತದೆ. ತನ್ನವರೇ ಒಂದು ಮಾತೂ ಹೇಳದೆ ಬಾಗಿಲು ಹಾಕಿಕೊಂಡರೆ, ಎಷ್ಟು ಅತ್ತರೂ ತೆಗೆಯದಿದ್ದರೆ, ಯಾರ ಮನಸ್ಸಾದರೂ ಕಲ್ಲಾಗುತ್ತದೆ.’

ಅಡುಗೆಮನೆಯಲ್ಲಿ ಡಬ್ಬಿ ಸರಿದ ಸದ್ದು. ಹೆಜ್ಜೆ. ಆತುರವಿಲ್ಲದ ಹೆಜ್ಜೆ. ಬಾಗಿಲ ಆಚೆ ನಿಂತಿತು.

“ರೀ.” ದನಿ ಅವಳದೇ. ದಣಿವು ಬೇರೆಯವರದು. “ಇಷ್ಟು ದಿನ ಯಾಕೆ ನನ್ನನ್ನ ದೂರ ಇಟ್ರಿ? ಹನುಮೇಶ ಯಾಕೆ ಕೊಂದ? ನೀವೇ ಹೇಳ್ರೀ. ಒಂದು ಮಾತು. ಹೇಳಿದ್ರೆ ಹೋಗ್ತೀನಿ.”

ಚಿಲಕ ಸರಿಯಿತು. ಬಾಗಿಲು ತೆರೆಯಿತು. ಅವಳ ಕೈಯಲ್ಲಿ ಮಚ್ಚಿತ್ತು, ಕಣ್ಣಲ್ಲಿ ನೀರಿತ್ತು. ಆ ನೀರಿನ ಹಿಂದೆ ಎಲ್ಲೋ ಶ್ವೇತಾ ಇನ್ನೂ ಇದ್ದಳು, ಹೆದರಿ ನಡುಗುತ್ತಿದ್ದಳು.

“ಯಾಕೆ?”

ಉತ್ತರ ಅವನ ನಾಲಿಗೆಯ ತುದಿಯಲ್ಲೇ ಇತ್ತು. ಒಂದಲ್ಲ, ನೂರು. ಒಂದು ಆಡಿದರೆ ಸಾಕು, ಅವನು ಬದುಕುತ್ತಾನೆ. ಮಚ್ಚು ಅವನ ಕೈಗೆ ಬರುತ್ತದೆ. ಅವಳು ಎದುರಿಗೇ ನಿಂತಿದ್ದಾಳೆ.

ವಿಜಯಮಹಾಂತೇಶ ಅವಳ ಮುಖವನ್ನು ಕಣ್ತುಂಬ ನೋಡಿದ. ಆಮೇಲೆ ಎರಡೂ ಕೈಗಳಿಂದ ತನ್ನ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿಕೊಂಡ.